ಅರ್ಧ ನಾಟಕಕ್ಕೆ ಟಿಕೆಟ್ ಕೊಂಡವರು

ಭಾನುವಾರದ ಮರಾಠಿ ಪತ್ರಿಕೆಯಲ್ಲಿ ನಾಟಕಗಳ ಜಾಹೀರಾತಿನ ಪುಟ ತೆರೆದಾಗ ನನ್ನ ಕಣ್ಣು ಮೊದಲು ಹುಡುಕುವುದು ಹೆಸರಿನ ಮುಂದೆ ‘ಸಂಗೀತ’ ಎಂದು ಹಾಕಿಕೊಂಡ, ಅಂದರೆ ಹಾಡುಗಳಿಂದಲೇ ಕಥೆ ನಡೆಸುವ, ನಾಟಕವನ್ನು. ದಾದರಿನ ಶಿವಾಜಿ ಮಂದಿರ, ಮಾಟುಂಗಾದ ಯಶವಂತ ನಾಟ್ಯಮಂದಿರ, ವಿಲೇಪಾರ್ಲೆಯ ದೀನಾನಾಥ, ಠಾಣೆಯ ಗಡಕರಿ ರಂಗಾಯತನ, ಹೀಗೆ ಇಷ್ಟೆಲ್ಲ ರಂಗಮಂದಿರಗಳಲ್ಲಿ ವಾರವಾರವೂ ಪ್ರಯೋಗಗಳು ನಡೆದರೂ ಸಂಗೀತ ನಾಟಕ ಸಿಗುವುದು ಅಪರೂಪ. ಸಿಕ್ಕರೆ ಅದು ‘ಸೌಭದ್ರ’ವೋ, ‘ಮಾನಾಪಮಾನ’ವೋ, ‘ಕಟ್ಯಾರ್ ಕಾಳಜಾತ ಘುಸಲಿ’ಯೋ ಆಗಿರುವುದೇ ಹೆಚ್ಚು. ಮುಂಬಯಿಯ ಕನ್ನಡಿಗರಲ್ಲಿ, ಅದರಲ್ಲೂ ಧಾರವಾಡ, ಬೆಳಗಾವಿಗಳಿಂದ ಬಂದು ಇಲ್ಲಿ ನೆಲೆಸಿದ ಹಿರಿಯರಲ್ಲಿ, ಈ ನಾಟಕಗಳ ಪದಗಳನ್ನು ಬಾಯಿಪಾಠವಾಗಿ ಹಾಡಬಲ್ಲವರು ಇನ್ನೂ ಇದ್ದಾರೆ. ನಮ್ಮ ಬಳಗದಲ್ಲಿ ಎಲ್ಲರೂ ಕಾಕಾ ಎಂದೇ ಕರೆಯುವ ಒಬ್ಬ ಹಿರಿಯರು ಪ್ರತಿ ಸಲವೂ ನನಗೆ ಹೇಳುವ ಮಾತು ಒಂದೇ: “ಹಳೇದು ಬಂದ್ರ ಹೇಳೋ ತಮ್ಮಾ, ಹೊಸಾದ್ರಾಗ ಹಾಡು ಎಲ್ಲಿ ಉಳಿತಾವ?”

ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಪೂರ್ತಿ ಒಪ್ಪುವುದೂ ಇಲ್ಲ. ಹೊಸ ಹಾಡಿಗೆ ಉಳಿಯುವ ಕಸುವಿಲ್ಲ ಎನ್ನುವುದಕ್ಕಿಂತ, ಉಳಿಯಲು ಬೇಕಾದಷ್ಟು ಕಾಲವನ್ನು ವೃತ್ತಿ ರಂಗಭೂಮಿ ಅದಕ್ಕೆ ಕೊಡುತ್ತಿಲ್ಲ ಎನ್ನುವುದು ಸತ್ಯಕ್ಕೆ ಹತ್ತಿರವೆಂದು ನನ್ನ ನಂಬಿಕೆ. ಇಂದು ನಾವು ಹಳೆಯದೆಂದು ಕೈಮುಗಿಯುವ ನಾಟಕಗಳು ಹೊಸದಾಗಿದ್ದಾಗ ಹೇಗೆ ಬೆಳೆದವು ಎಂಬುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮರಾಠಿ ಸಂಗೀತ ನಾಟಕದ ಆದಿಪುರುಷರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು 1843ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ ‘ಶಾಕುಂತಲ’ 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ರಂಗಕ್ಕೆ ಬಂದಾಗ ಪ್ರೇಕ್ಷಕರು ನೋಡಿದ್ದು ಪೂರ್ತಿ ನಾಟಕವನ್ನಲ್ಲ, ಮೊದಲ ನಾಲ್ಕು ಅಂಕಗಳನ್ನು ಮಾತ್ರ. ಏಳು ಅಂಕಗಳಲ್ಲಿ ಉಳಿದ ಮೂರು ಆಮೇಲೆ ಸೇರಿದವು. 1882ರ ನವೆಂಬರಿನಲ್ಲಿ ‘ಸೌಭದ್ರ’ ಮೊದಲ ಸಲ ಆಡಿದಾಗಲೂ ಇದ್ದದ್ದು ಮೂರೇ ಅಂಕ. ಮರುವರ್ಷ ಅದು ಪೂರ್ಣವಾಯಿತು. ಅಂದರೆ ನೂರ ನಲವತ್ತು ವರ್ಷಗಳಿಂದ ಮತ್ತೆ ಮತ್ತೆ ರಂಗವೇರುತ್ತಿರುವ ನಾಟಕವೊಂದು ತನ್ನ ಮೊದಲ ಪ್ರೇಕ್ಷಕರ ಎದುರು ನಿಂತಾಗ ಅರ್ಧವೇ ಆಗಿತ್ತು, ಆ ಅರ್ಧಕ್ಕೇ ಜನ ಟಿಕೆಟ್ ಕೊಂಡು ಬಂದಿದ್ದರು. ಯಾವ ಪದಕ್ಕೆ ‘ವನ್ಸ್ ಮೋರ್’ ಬಂತು, ಎಲ್ಲಿ ಜನ ಮಿಸುಕಾಡಿದರು ಎಂಬುದನ್ನು ಕಣ್ಣಾರೆ ಕಂಡು ಮುಂದಿನ ಅಂಕಗಳನ್ನು ಸಿದ್ಧಗೊಳಿಸುವ ಅವಕಾಶ ಆ ಕಂಪನಿಗೆ ಇತ್ತು. ಈ ಒಂದು ಸಂಗತಿಯನ್ನು ಇಂದಿನ ನಿರ್ಮಾಪಕರ ಮುಂದೆ ಇಡಬೇಕೆಂದು ನನಗೆ ಬಹಳ ಸಲ ಅನಿಸಿದೆ.

ಕಿರ್ಲೋಸ್ಕರರ ಇನ್ನೊಂದು ಜಾಣತನವೆಂದರೆ, ಮಾತು ಹೊಸದಿದ್ದರೂ ಧಾಟಿ ಕೇಳಿದ್ದೇ ಆಗಿರುವಂತೆ ಅವರು ನೋಡಿಕೊಂಡದ್ದು. ಸಾಕಿ, ದಿಂಡಿ ಎಂಬ ಮರಾಠಿ ಪದ್ಯಬಂಧಗಳು, ಲಾವಣಿ, ಕೀರ್ತನೆ ಇವುಗಳ ಧಾಟಿಗಳ ಜೊತೆಗೆ ತಾವು ಬಾಲ್ಯದಿಂದ ಕೇಳಿದ್ದ ಕರ್ನಾಟಕದ ಪದಗಳ ಮಟ್ಟುಗಳನ್ನೂ ಅವರು ಧಾರಾಳವಾಗಿ ಬಳಸಿದರು. ‘ಶಾಕುಂತಲ’ದಲ್ಲಿ ನೂರಕ್ಕೂ ಹೆಚ್ಚು ಪದಗಳಿದ್ದವು, ಅಷ್ಟೂ ಪದಗಳಿಗೆ ಅಪರಿಚಿತ ಧಾಟಿಯಿದ್ದಿದ್ದರೆ ಯಾವ ಪ್ರೇಕ್ಷಕನೂ ಕೊನೆಯವರೆಗೆ ಕೂರುತ್ತಿರಲಿಲ್ಲ. ಈ ಕೊಡುಕೊಳ್ಳುವಿಕೆ ಮುಂದೆ ತಿರುಗುಮುರುಗಾಗಿಯೂ ನಡೆಯಿತು. ಉತ್ತರ ಕರ್ನಾಟಕದ ಕಂಪನಿಗಳು ಮರಾಠಿ ನಾಟ್ಯಗೀತೆಯ ಧಾಟಿಗೆ ಕನ್ನಡ ಪದ ಕಟ್ಟಿಕೊಂಡವು, ಮಲ್ಲಿಕಾರ್ಜುನ ಮನ್ಸೂರರಂಥವರು ಹುಡುಗರಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಪಾತ್ರ ಮಾಡಿ ಬೆಳೆದರು.

‘ಸೌಭದ್ರ’ ಬಂದ ಎಂಬತ್ತೈದು ವರ್ಷಗಳ ಅನಂತರ, 1967ರಲ್ಲಿ ಬಂದ ‘ಕಟ್ಯಾರ್’ ಈ ಜಾಣತನವನ್ನು ಬೇರೊಂದು ದಾರಿಯಲ್ಲಿ ನಡೆಸಿತು. ಪುರುಷೋತ್ತಮ ದಾರ್ವ್ಹೇಕರರ ಈ ನಾಟಕಕ್ಕೆ ಜಿತೇಂದ್ರ ಅಭಿಷೇಕಿಯವರು ಕೊಟ್ಟದ್ದು ಹೊಚ್ಚಹೊಸ ಸಂಗೀತ. ಎರಡು ಘರಾಣೆಗಳ, ಅಂದರೆ ಗಾಯನ ಪರಂಪರೆಗಳ, ಪೈಪೋಟಿಯೇ ಕಥೆಯಾದ್ದರಿಂದ ಒಂದೇ ಪದವನ್ನು ಒಂದು ಘರಾಣೆಯ ಪಂಡಿತರು ಒಂದು ಧಾಟಿಯಲ್ಲಿ, ಇನ್ನೊಂದರ ಖಾನ್‌ಸಾಹೇಬರು ಬೇರೊಂದು ಧಾಟಿಯಲ್ಲಿ ಹಾಡುತ್ತಾರೆ. ಮೊದಲನೆಯ ಸಲ ಕೇಳುವಾಗ ಪದ ಕಿವಿಗೆ ಬೀಳುತ್ತದೆ. ಎರಡನೆಯ ಸಲ ಅದೇ ಮಾತುಗಳು ಬೇರೆ ಲಯದಲ್ಲಿ, ಬೇರೆ ಕಸುವಿನಲ್ಲಿ ಬಂದಾಗ ಪ್ರೇಕ್ಷಕ ಹೋಲಿಸಿ ನೋಡತೊಡಗುತ್ತಾನೆ, ರಾಗದ ಹೆಸರು ಗೊತ್ತಿಲ್ಲದವನೂ ಇಬ್ಬರು ಗಾಯಕರ ಸ್ವಭಾವದ ವ್ಯತ್ಯಾಸವನ್ನು ಕಿವಿಯಿಂದಲೇ ಅರಿಯುತ್ತಾನೆ. ಹಾಡು ಕಥೆಯನ್ನು ಹೊತ್ತು ನಡೆಯುವುದು ಎಂದರೆ ಇದು. ವಸಂತರಾವ್ ದೇಶಪಾಂಡೆಯವರು ಖಾನ್‌ಸಾಹೇಬರ ಪಾತ್ರದಲ್ಲಿ ಹಾಡಿದ್ದನ್ನು ಅವರ ಮೊಮ್ಮಗ ರಾಹುಲ್ ದೇಶಪಾಂಡೆಯವರು ಈ ಶತಮಾನದಲ್ಲಿ ಮತ್ತೆ ರಂಗಕ್ಕೆ ತಂದರು, 2015ರಲ್ಲಿ ಅದು ಸಿನಿಮಾ ಕೂಡ ಆಯಿತು. ಆ ಮರುಪ್ರಯೋಗವನ್ನು ನಾನು ಮನಸಾರೆ ಮೆಚ್ಚುತ್ತೇನೆ. ತಾತನ ಧ್ವನಿಮುದ್ರಿಕೆಯನ್ನು ಅನುಕರಿಸದೆ ಮೊಮ್ಮಗ ತನ್ನದೇ ತಾನ್‌ಗಳನ್ನು, ಅಂದರೆ ವೇಗದ ಸ್ವರಸಾಲುಗಳನ್ನು, ಹಾಡಿದ್ದರಿಂದಲೇ ಅಲ್ಲಿ ನಾಟಕಕ್ಕೆ ಜೀವ ಬಂತು. ಅದೇ ಹಳೆಯ ಮುದ್ರಿಕೆಯ ಮುರ್ಕಿ ಎಂಬ ಸಣ್ಣ ಸ್ವರಬಳುಕುಗಳನ್ನು ಒಂದೊಂದಾಗಿ ಒಪ್ಪಿಸುವ ಪ್ರಯೋಗಗಳನ್ನೂ ನಾನು ನೋಡಿದ್ದೇನೆ. ಅಲ್ಲಿ ಚಪ್ಪಾಳೆ ಬಿದ್ದದ್ದು ನಟನಿಗಲ್ಲ, ನೆನಪಿಗೆ.

ಮರುಪ್ರಯೋಗದಿಂದ ಇನ್ನೊಂದು ದೊಡ್ಡ ಉಪಕಾರವಾಗಬಲ್ಲದು ಎಂಬುದಕ್ಕೆ ನ್ಯೂಯಾರ್ಕಿನ ವೃತ್ತಿ ರಂಗಭೂಮಿಯಾದ ಬ್ರಾಡ್‌ವೇಯಲ್ಲಿ ಒಳ್ಳೆಯ ಉದಾಹರಣೆಯಿದೆ. ಅಮೆರಿಕದ ಸಂಗೀತಕಾರ ಸ್ಟೀಫನ್ ಸೋಂಡ್‌ಹೈಮರ ‘ಮೆರಿಲಿ ವಿ ರೋಲ್ ಅಲಾಂಗ್’ 1981ರಲ್ಲಿ ಹೊಸ ನಾಟಕವಾಗಿ ಬಂದು ಹದಿನಾರೇ ಪ್ರದರ್ಶನಗಳಲ್ಲಿ ಮುಚ್ಚಿಹೋಯಿತು. 2023ರಲ್ಲಿ ಮರಿಯಾ ಫ್ರೀಡ್‌ಮನ್ ಅವರ ನಿರ್ದೇಶನದಲ್ಲಿ ಮರಳಿ ಬಂದಾಗ ಅದು ತುಂಬಿದ ಮಂದಿರಗಳಲ್ಲಿ ನಡೆಯಿತು, ಮರುವರ್ಷ ಅತ್ಯುತ್ತಮ ಮರುಪ್ರಯೋಗಕ್ಕಿರುವ, ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಯನ್ನೂ ಪಡೆಯಿತು. ಗೆದ್ದದ್ದನ್ನೇ ಮತ್ತೆ ಗೆಲ್ಲಿಸುವುದಕ್ಕಿಂತ ಸೋತದ್ದಕ್ಕೆ ಎರಡನೆಯ ಅವಕಾಶ ಕೊಡುವ ಈ ಬಗೆಯ ಮರುಪ್ರಯೋಗ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗೆಯೇ ಅಲ್ಲಿನ ಹೊಸ ನಾಟಕಗಳು ರಾತ್ರೋರಾತ್ರಿ ಹುಟ್ಟುತ್ತವೆಂದು ತಿಳಿಯುವುದೂ ತಪ್ಪು. 2025ರಲ್ಲಿ ಅತ್ಯುತ್ತಮ ಸಂಗೀತ ನಾಟಕವೆಂದು ಟೋನಿ ಪಡೆದ ‘ಮೇಬಿ ಹ್ಯಾಪಿ ಎಂಡಿಂಗ್’ 2016ರಲ್ಲಿ ಸೋಲ್ ನಗರದಲ್ಲಿ ಕೊರಿಯನ್ ಭಾಷೆಯಲ್ಲಿ ಆಡಿದ್ದು, 2020ರಲ್ಲಿ ಅಟ್ಲಾಂಟಾಕ್ಕೆ ಹೋಗಿ, 2024ರ ನವೆಂಬರಿನಲ್ಲಿ ಬ್ರಾಡ್‌ವೇ ತಲುಪಿದ್ದು. ಅಲ್ಲಿಯೂ ಮೊದಲ ವಾರಗಳಲ್ಲಿ ಟಿಕೆಟ್ ಸರಿಯಾಗಿ ಹೋಗದೆ, ನೋಡಿದವರ ಬಾಯಿಮಾತಿನಿಂದ ಮಂದಿರ ತುಂಬುತ್ತ ಬಂತು.

ನಮ್ಮ ಮುಂಬಯಿಯ ದೊಡ್ಡ ದುಡ್ಡಿನ ರಂಗಭೂಮಿಯ ಒಲವು ಎತ್ತ ಇದೆ ಎಂಬುದು ಎಲ್ಲರಿಗೂ ಕಾಣುವಂತಿದೆ. 2023ರಲ್ಲಿ ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿ ಎರಡು ಸಾವಿರ ಆಸನಗಳ ರಂಗಮಂದಿರದೊಡನೆ ನೀತಾ ಮುಕೇಶ್ ಅಂಬಾನಿ ಸಾಂಸ್ಕೃತಿಕ ಕೇಂದ್ರ ತೆರೆದ ಮೇಲೆ ಅಲ್ಲಿಗೆ ಬಂದ ‘ದಿ ಸೌಂಡ್ ಆಫ್ ಮ್ಯೂಸಿಕ್’ 1959ರದ್ದು, ಆಮೇಲೆ ಬಂದ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ 1986ರದ್ದು. ಅದಕ್ಕೂ ಮೊದಲು, 2016ರಲ್ಲಿ ಮುಂಬಯಿಯ ಪ್ರದರ್ಶನ ಕಲೆಗಳ ಕೇಂದ್ರವಾದ ಎನ್‌ಸಿಪಿಎಯಲ್ಲಿ ಫಿರೋಜ್ ಅಬ್ಬಾಸ್ ಖಾನರು ಆಡಿಸಿದ ‘ಮುಘಲ್-ಎ-ಆಜಮ್’ ರಂಗಕ್ಕೆ ಹೊಸದಾಗಿದ್ದರೂ ಜನರನ್ನು ಕರೆತಂದದ್ದು 1960ರ ಸಿನಿಮಾದ ನೌಶಾದರ ಹಾಡುಗಳೇ. ಅದ್ದೂರಿಯ ಬಗ್ಗೆ ನನ್ನ ತಕರಾರಿಲ್ಲ, ಆ ಪ್ರದರ್ಶನದ ಕಥಕ್ ನನಗೆ ತುಂಬ ಹಿಡಿಸಿತ್ತು ಕೂಡ. ಆದರೆ ಇಷ್ಟು ಸಾಮರ್ಥ್ಯವಿರುವ ರಂಗಮಂದಿರಗಳಲ್ಲಿ ನಿನ್ನೆ ಯಾರೂ ಕೇಳಿರದ ಒಂದು ಹಾಡಿಗೆ ಜಾಗ ಸಿಗದಿದ್ದರೆ, ಐವತ್ತು ವರ್ಷಗಳ ಬಳಿಕ ಮರುಪ್ರಯೋಗ ಮಾಡಲು ನಮ್ಮ ಕಾಲದ್ದು ಏನು ಉಳಿದಿರುತ್ತದೆ ಎಂದು ನನಗೆ ನಿಜವಾದ ಆತಂಕವಿದೆ.

ಸಣ್ಣ ದುಡ್ಡಿನಲ್ಲಿ ಅದು ಸಾಧ್ಯವೆಂದು ತೋರಿಸಿದ್ದು ಪ್ರಾಜಕ್ತ ದೇಶಮುಖರ ‘ಸಂಗೀತ ದೇವಬಾಭಳಿ’. ಪಾತ್ರಗಳು ಎರಡೇ: ತುಕಾರಾಮರ ಹೆಂಡತಿ ಆವಲಿ, ಮತ್ತು ಕಾಲಿಗೆ ಜಾಲಿಮುಳ್ಳು ನಟ್ಟ ಅವಳ ಆರೈಕೆಗೆಂದು ವಿಠ್ಠಲನೇ ಕಳಿಸಿದ ಅವನ ಹೆಂಡತಿ ರಖುಮಾಯಿ. ಇದೂ ಮೊದಲು ಏಕಾಂಕವಾಗಿ ಹುಟ್ಟಿ, ಪ್ರೇಕ್ಷಕರ ಎದುರು ಪರೀಕ್ಷೆಗೊಳಗಾಗಿ, ಆಮೇಲೆ ಪೂರ್ಣ ನಾಟಕವಾಗಿ ಬೆಳೆಯಿತು. ಆನಂದ ಓಕ್ ಅವರ ಸಂಗೀತ ಹೊಸದು, ಆದರೆ ಅಭಂಗ, ಓವಿಗಳ ನಡೆ ಮರಾಠಿ ಕಿವಿಗೆ ಹೊಸದಲ್ಲ. ಬೀಸುವಾಗ ಹಾಡುವ ಲಯ ಗೊತ್ತಿರುವ ಹೆಂಗಸು ಆ ಪದವನ್ನು ಮೊದಲ ಸಲಕ್ಕೇ ತನ್ನದೆಂದು ಹಿಡಿದುಕೊಳ್ಳುತ್ತಾಳೆ. ಕಿರ್ಲೋಸ್ಕರರ ದಾರಿಯೂ ಇದೇ ಅಲ್ಲವೇ.

ಖರ್ಚಿನ ಮಾತನ್ನೂ ಆಡಬೇಕು. ಮರಾಠಿ ವೃತ್ತಿ ರಂಗಭೂಮಿಯಲ್ಲಿ ನಟರಿಗೂ ವಾದ್ಯಗಾರರಿಗೂ ಸಂಬಳವಿಲ್ಲ, ಪ್ರಯೋಗಕ್ಕೆ ಇಷ್ಟೆಂದು ‘ನೈಟ್’ ಕೊಡುತ್ತಾರೆ. ಬ್ರಾಡ್‌ವೇಯಂತೆ ಒಂದೇ ಮಂದಿರದಲ್ಲಿ ತಿಂಗಳುಗಟ್ಟಲೆ ಬೀಡುಬಿಡುವ ಪದ್ಧತಿ ಇಲ್ಲಿಲ್ಲ; ಇಂದು ದಾದರ್, ನಾಳೆ ಡೊಂಬಿವಲಿ, ಪ್ರತಿ ಸಲವೂ ಬಾಡಿಗೆ, ಟೆಂಪೋ, ಸೆಟ್ ಕಟ್ಟುವ ಕೂಲಿ. ಮಾತಿನ ನಾಟಕಕ್ಕೆ ಇಲ್ಲದ ಆರ್ಗನ್, ತಬಲಾದವರ ನೈಟ್ ಸಂಗೀತ ನಾಟಕಕ್ಕೆ ಪ್ರತಿ ಪ್ರಯೋಗಕ್ಕೂ ಸೇರುತ್ತದೆ. ಹಾಗಾಗಿ ಕೆಲವರು ಧ್ವನಿಮುದ್ರಿತ ಸಂಗೀತಕ್ಕೆ ಶರಣಾಗುತ್ತಾರೆ; ಆಗ ನಟನಿಗೆ ಒಂದು ಆಲಾಪವನ್ನು ಹಿಗ್ಗಿಸುವ ಸ್ವಾತಂತ್ರ್ಯ ಹೋಗುತ್ತದೆ, ‘ವನ್ಸ್ ಮೋರ್’ ಕೇಳಿದರೂ ಕೊಡಲಾಗುವುದಿಲ್ಲ. ಇದನ್ನು ನಾನು ಉಳಿತಾಯವೆಂದು ಕರೆಯಲಾರೆ.

ಮುಂಬಯಿಯ ಕನ್ನಡ ರಂಗಭೂಮಿ ಹವ್ಯಾಸಿಗಳದ್ದು, ನೂರು ಪ್ರಯೋಗಗಳ ಲೆಕ್ಕ ನಮಗಿಲ್ಲ. ನಷ್ಟದ ಭಯ ಕಡಿಮೆಯಿರುವ ಇಂಥ ಕಡೆಯೇ ಅರ್ಧ ನಾಟಕವನ್ನು ಜನರ ಮುಂದಿಡಬಹುದು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ, ಮಾಹಿಮಿನಲ್ಲಿ ಕರ್ನಾಟಕ ಸಂಘವಿದೆ. ಅಲ್ಲೊಂದು ಸಂಜೆ ಹೊಸ ನಾಟಕದ ಎರಡು ದೃಶ್ಯ, ನಾಲ್ಕು ಪದ, ಎದುರಿಗೆ ಪೇಟಿ, ತಬಲಾ. ವೇಷಭೂಷಣ ಬೇಡ, ಸೆಟ್ ಬೇಡ. ಯಕ್ಷಗಾನದ ಮಟ್ಟು, ಶ್ರೀಕೃಷ್ಣ ಪಾರಿಜಾತದ ಧಾಟಿ, ಕೋಲಾಟದ ಪದ, ಇವೆಲ್ಲ ಈ ಊರಿನ ಕನ್ನಡಿಗರ ಕಿವಿಯಲ್ಲಿ ಇರುವಂಥವೇ. ಕಡಿಮೆಯಾದರೂ ಸರಿ, ಟಿಕೆಟ್ ಇಡಬೇಕು, ಪುಕ್ಕಟೆ ಕೇಳಿದವರು ಸಂಕೋಚಕ್ಕೆ ಹೊಗಳಿ ಎದ್ದು ಹೋಗುತ್ತಾರೆ. ಮುಗಿದ ಮೇಲೆ ಸಂಗೀತ ಕೊಟ್ಟವರು ಅಲ್ಲೇ ಕೂತು ಯಾವ ಪದ ಹಿಡಿಸಲಿಲ್ಲವೆಂದು ಕೇಳಿ ಬರೆದುಕೊಳ್ಳಲಿ. ಅಂಥ ಸಂಜೆಯೊಂದನ್ನು ಏರ್ಪಡಿಸುವ ತಂಡವಿದ್ದರೆ ಟಿಕೆಟ್ ಮಾರುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ, ಮೊದಲನೆಯ ಸಾಲಿನಲ್ಲಿ ಕಾಕಾ ಅವರಿಗೂ ಒಂದು ಟಿಕೆಟ್ ತೆಗೆಸುತ್ತೇನೆ.