ಬಾಣದ ಗುರುತು

ಶನಿವಾರ ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲೇ ಇದೆ. "ಸರ್, ಬಾಣದ ಗುರುತನ್ನು ಓದಿ ಹೇಳುವುದು ಹೇಗೆ?"

ಮುಂಬಯಿಯ ಸಯಾನ್ ಕಡೆಯ ಕನ್ನಡ ಮಾಧ್ಯಮದ ಶಾಲೆ, ಒಂಬತ್ತನೆಯ ತರಗತಿ. ಬೈಕಿನಲ್ಲಿ ಬಂದವರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುವ ಹಳೆಯ ವಿಡಿಯೊ ತೋರಿಸಿದೆ. "ಮಕ್ಕಳ ಕಳ್ಳರು!" ಎಂದು ಎಲ್ಲರೂ ಕೂಗಿದರು. ಆಮೇಲೆ, ಯಾರೋ ಕತ್ತರಿಸಿ ಬಿಟ್ಟಿದ್ದ ಉಳಿದ ಭಾಗ ತೋರಿಸಿದೆ. ಅದೇ ಬೈಕು ಮರಳಿ ಬರುತ್ತದೆ, ಮಗುವನ್ನು ಇಳಿಸುತ್ತಾರೆ, ಒಂದು ಫಲಕ ಹಿಡಿಯುತ್ತಾರೆ. ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ಮಾಡಿದ ಜಾಗೃತಿ ಚಿತ್ರವದು. ತರಗತಿ ತಣ್ಣಗಾಯಿತು.

2018ರ ಜುಲೈ 1ರಂದು ನಮ್ಮದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಇಂಥದೇ ವದಂತಿಗೆ ಐವರು ಅಲೆಮಾರಿಗಳನ್ನು ಹೊಡೆದು ಕೊಂದರು. ಅದೇ ತಿಂಗಳು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಬ್ಬ ಹೋದ. ಅದನ್ನೂ ಹೇಳಿದೆ. ವಾಟ್ಸ್‌ಆ್ಯಪ್ ಸಂದೇಶದ ಮೇಲೆ ಜೋಡಿ ಬಾಣ ಕಂಡರೆ ಅದು ಹಲವರ ಕೈ ದಾಟಿ ಬಂದದ್ದು, ಅಲ್ಲೇ ನಿಲ್ಲಿ ಎಂದೆ.

ಆಗ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಯಾದಗಿರಿ ಕಡೆಯವಳು, ತಂದೆ ಗಾರೆ ಕೆಲಸದವರು. ಮನೆಯಲ್ಲಿ ಓದು ಬರುವುದು ಇವಳೊಬ್ಬಳಿಗೇ. ರಾತ್ರಿ ಊಟವಾದ ಮೇಲೆ ತಂದೆ ಫೋನು ಕೊಟ್ಟು, "ಏನು ಬಂದಿದೆ, ಓದು ತಾಯಿ" ಎನ್ನುತ್ತಾರಂತೆ. ಕಳೆದ ವಾರ ಕಳ್ಳರ ಸಂದೇಶ ಓದಿದ್ದಾಳೆ. ಎರಡು ದಿನ ತಮ್ಮನನ್ನು ಹೊಸಿಲು ದಾಟಲು ಬಿಡಲಿಲ್ಲವಂತೆ.

"ಬರೆದದ್ದನ್ನು ಓದಿದೆ ಸರ್. ಬಾಣ ಅಕ್ಷರವಲ್ಲವಲ್ಲ. ಅದನ್ನು ಓದಿ ಹೇಳುವುದು ಹೇಗೆ?"

ಮಕ್ಕಳ ಕೈಗೆ ಫೋನೇ ಕೊಡಬಾರದು ಎನ್ನುವ ಹಿರಿಯರ ಮೇಲೆ ನನಗೆ ಸಿಟ್ಟು ಬರುತ್ತದೆ. ಈ ಹುಡುಗಿ ಫೋನು ಹಿಡಿಯದಿದ್ದರೆ ಆ ಮನೆಗೆ ಊರಿನ ಸುದ್ದಿಯೂ ಇಲ್ಲ, ಕೂಲಿಯ ಲೆಕ್ಕವೂ ಇಲ್ಲ. ಆ ತಂದೆ ನಂಬಿದ್ದು ಸಂದೇಶವನ್ನಲ್ಲ, ಶಾಲೆಗೆ ಹೋಗುವ ಮಗಳ ದನಿಯನ್ನು. ಎಲ್ಲಿಯದೋ ಸುಳ್ಳು ಅವಳ ದನಿಯನ್ನೇ ಎರವಲು ಪಡೆದು ಮನೆಯೊಳಗೆ ಬಂದಿದೆ. ನಮ್ಮ ಪಾಠಗಳೆಲ್ಲ ಒಬ್ಬನೇ ಕುಳಿತು ತನಗಾಗಿ ಓದಿಕೊಳ್ಳುವವನಿಗೆ ಬರೆದವು. ಇನ್ನೊಬ್ಬರಿಗಾಗಿ ಓದುವವಳಿಗೆ ಅಲ್ಲಿ ಒಂದು ಸಾಲೂ ಇಲ್ಲ.

ಪಾಠ ಅಲ್ಲಿಗೇ ನಿಲ್ಲಿಸಿ ಎಲ್ಲರೂ ಸೇರಿ ಬಾಣಕ್ಕೆ ಮಾತು ಹುಡುಕಿದೆವು. ನಾಲ್ಕೈದು ಬರೆದು ಅಳಿಸಿದೆವು. ಕೊನೆಗೆ ಉಳಿದದ್ದನ್ನು ಅವಳು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡು ಜೋರಾಗಿ ಓದಿದಳು: "ಅಪ್ಪಾ, ಇದು ಬಹಳ ಜನರ ಕೈ ದಾಟಿ ಬಂದಿದೆ. ಮೊದಲು ಬರೆದವರು ಯಾರೋ ಗೊತ್ತಿಲ್ಲ."

ಇಷ್ಟು ಜೋರೇಕೆ ಎಂದೆ.

"ಅಪ್ಪನಿಗೆ ಕಿವಿ ಮಂದ ಸರ್, ಹೀಗೇ ಓದಬೇಕು" ಎಂದು ಮತ್ತೊಮ್ಮೆ ಓದಿದಳು.