ಅಂಗಡಿಯಲ್ಲಿ ತಪಾಸಣೆ, ಅಂಗಳದಲ್ಲಿ ವ್ಯಾಪಾರ

ಟೆಕ್ಸಸ್‌ನ ನಮ್ಮ ಬೀದಿಯ ಮೂಲೆಮನೆಯ ಹಿರಿಯರು ಮನೆ ಖಾಲಿ ಮಾಡಿ ಮಗಳ ಊರಿಗೆ ಹೊರಟಿದ್ದಾರೆ. ಹೋದ ಶನಿವಾರ ಗರಾಜಿನ ಸಾಮಾನೆಲ್ಲ ಅಂಗಳಕ್ಕೆ ಬಂದಿತ್ತು. ಹುಲ್ಲು ಕತ್ತರಿಸುವ ಯಂತ್ರದ ಬೆಲೆ ಕೇಳಲು ಹೋದ ಕನ್ನಡದ ಹುಡುಗನೊಬ್ಬನಿಗೆ ಅವರು ಸಹಜವಾಗಿ ಹೇಳಿದರು: "ಒಳಗೆ ಒಂದು ಶಾಟ್‌ಗನ್ ಕೂಡ ಇದೆ. ನಿನ್ನ ಹತ್ತಿರ ಟೆಕ್ಸಸ್ ಡ್ರೈವಿಂಗ್ ಲೈಸೆನ್ಸ್ ಇದೆಯಲ್ಲ, ಸಾಕು. ಕಾಗದಪತ್ರ ಏನೂ ಬೇಡ."

ಆ ಹುಡುಗ ಇರುವುದು ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿ. ಆ ಕೋವಿ ಅವನ ವಶಕ್ಕೆ ಬಂದರೆ ಅದು ಫೆಡರಲ್ ಅಪರಾಧ. ಹಿರಿಯರಿಗೆ ಅದು ಗೊತ್ತಿಲ್ಲ. ಕೇಳಿ ತಿಳಿದುಕೊಳ್ಳಬೇಕೆಂದು ಟೆಕ್ಸಸ್ ಕಾನೂನೂ ಹೇಳುವುದಿಲ್ಲ. ಕೊಳ್ಳುವವನು ಅನರ್ಹನೆಂದು ತಿಳಿದೂ, ಇಲ್ಲವೇ ಹಾಗೆ ನಂಬಲು ಕಾರಣವಿದ್ದೂ ಮಾರಿದರೆ ತಪ್ಪು. ತಿಳಿಯದೆ ಮಾರಿದರೆ ತಪ್ಪಲ್ಲ. ಕಷ್ಟಕ್ಕೆ ಮೊದಲು ಬಂದು ನಿಲ್ಲುವ ಮನುಷ್ಯ ಅವರು. ಅಂಥವರ ಬಾಯಲ್ಲೂ ಈ ಮಾತು ಇಷ್ಟು ಸಲೀಸಾಗಿ ಬಂತಲ್ಲ ಎಂಬುದೇ ಕಸಿವಿಸಿ.

ಊರಿನಿಂದ ಫೋನ್ ಮಾಡುವವರೆಲ್ಲ "ಅಲ್ಲಿ ಅಂಗಡಿಗೆ ಹೋಗಿ ತರಕಾರಿ ಕೊಂಡ ಹಾಗೆ ಗನ್ ಕೊಳ್ಳಬಹುದಂತೆ, ಹೌದಾ?" ಎಂದು ಕೇಳುತ್ತಾರೆ. ಅಂಗಡಿಯ ಮಟ್ಟಿಗೆ ಅದು ಸುಳ್ಳು. ಪರವಾನಗಿ ಇರುವ ಅಂಗಡಿಯಲ್ಲಿ ಕೊಳ್ಳುವವರು ಮೊದಲು 4473 ಎಂಬ ಫಾರಂ ತುಂಬಬೇಕು. ಹೆಸರು, ಈಗಿನ ವಿಳಾಸ, ಹುಟ್ಟಿದ ಊರು, ಪೌರತ್ವ. ಗ್ರೀನ್‌ಕಾರ್ಡ್‌ನವರಾದರೆ ಅದರ ಮೇಲಿನ ಎ-ಸಂಖ್ಯೆ, ಅಂದರೆ ವಲಸಿಗರ ಗುರುತುಸಂಖ್ಯೆ. ಆಮೇಲೆ ಹೌದು-ಇಲ್ಲ ಪ್ರಶ್ನೆಗಳು: ಈ ಗನ್ನನ್ನು ನಿಜವಾಗಿ ಕೊಳ್ಳುತ್ತಿರುವುದು ನೀವೇನಾ? ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆ ವಿಧಿಸಬಹುದಾದ ಅಪರಾಧದಲ್ಲಿ ದೋಷಿಯಾಗಿದ್ದೀರಾ? ಮನೆಯವರ ಮೇಲೆ ಕೈಮಾಡಿ ಶಿಕ್ಷೆಯಾಗಿದೆಯಾ? ಕೋರ್ಟು ನಿಮ್ಮನ್ನು ಮಾನಸಿಕ ಆಸ್ಪತ್ರೆಗೆ ಒಪ್ಪಿಸಿತ್ತಾ? ಗಾಂಜಾ ಸೇದುತ್ತೀರಾ? ಗಾಂಜಾ ಪ್ರಶ್ನೆಯ ಕೆಳಗೆ ಒಂದು ಎಚ್ಚರಿಕೆಯೂ ಇದೆ: ನಿಮ್ಮ ರಾಜ್ಯದಲ್ಲಿ ಅದಕ್ಕೆ ಅನುಮತಿ ಇದ್ದರೂ ಫೆಡರಲ್ ಕಾನೂನಿನಲ್ಲಿ ಇಲ್ಲ. ಇಲ್ಲಿ ಸುಳ್ಳು ಬರೆಯುವುದೇ ಬೇರೆ ಅಪರಾಧ. ಆಗಿನ ಅಧ್ಯಕ್ಷ ಬೈಡನ್ ಅವರ ಮಗನೇ 2018ರಲ್ಲಿ ಕೊಂಡ ರಿವಾಲ್ವರಿನ ಫಾರಂನಲ್ಲಿ ಮಾದಕವಸ್ತುವಿನ ಬಗ್ಗೆ ಸುಳ್ಳು ಬರೆದದ್ದಕ್ಕೆ 2024ರ ಜೂನ್‌ನಲ್ಲಿ ದೋಷಿಯೆನಿಸಿದರು. ಮುಂದೆ ಅಪ್ಪನೇ ಕ್ಷಮಾದಾನ ಕೊಟ್ಟರು.

ಫಾರಂ ಕೈಗೆ ಬಂದ ಮೇಲೆ ಅಂಗಡಿಯವನು ಫೋಟೊ ಇರುವ ಗುರುತುಪತ್ರ ನೋಡುತ್ತಾನೆ. ನಮ್ಮವರಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಮನೆ ಬದಲಿಸಿರುತ್ತಾರೆ, ಲೈಸೆನ್ಸಿನಲ್ಲಿ ಹಳೇ ವಿಳಾಸ ಇರುತ್ತದೆ. ಹೊಸ ವಿಳಾಸ ಇರುವ ಇನ್ನೊಂದು ಸರ್ಕಾರಿ ಕಾಗದ, ಕಾರಿನ ನೋಂದಣಿಯಂಥದ್ದು, ತೋರಿಸದಿದ್ದರೆ ಮಾರುವ ಹಾಗಿಲ್ಲ. ನಂತರ ಫೋನಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ಎಫ್‌ಬಿಐ ನಡೆಸುವ ನಿಕ್ಸ್ ಎಂಬ ಹಿನ್ನೆಲೆ ತಪಾಸಣೆಯ ವ್ಯವಸ್ಥೆಗೆ ವಿವರ ಹೋಗುತ್ತದೆ. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ನಡೆದ ಗುಂಡಿನ ದಾಳಿಯಲ್ಲಿ ತಲೆಗೆ ಗುಂಡು ಹೊಕ್ಕು ಬದುಕಿಡೀ ಅಂಗವಿಕಲರಾದ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿಯವರ ಹೆಸರಿನ ಕಾನೂನು 1993ರಲ್ಲಿ ಬಂತು. ಅದರಂತೆ 1998ರ ನವೆಂಬರ್ 30ರಂದು ನಿಕ್ಸ್ ಶುರುವಾಯಿತು. ಅದು ಮೂರು ಕಡತಕೋಶ ಹುಡುಕಿ ಮೂರರಲ್ಲೊಂದು ಉತ್ತರ ಕೊಡುತ್ತದೆ: ಮಾರಬಹುದು, ತಡೆ, ನಿರಾಕರಣೆ. ಬಹುಪಾಲು ಉತ್ತರ ನಿಮಿಷಗಳಲ್ಲೇ ಬರುತ್ತದೆ. ಕಡತದಲ್ಲಿರುವ ಇನ್ನೊಬ್ಬನ ಹೆಸರು, ಹುಟ್ಟಿದ ದಿನ ಹೊಂದಿಕೆಯಾದರೆ ತಡೆ ಬೀಳುತ್ತದೆ. ಪದೇ ಪದೇ ಹೀಗಾಗುವವರು ಎಫ್‌ಬಿಐಗೆ ಅರ್ಜಿ ಹಾಕಿ ತಮ್ಮದೇ ಗುರುತುಸಂಖ್ಯೆ ಪಡೆಯಬಹುದು.

ತಡೆ ಬಿದ್ದರೆ ಸಾಮಾನ್ಯವಾಗಿ ಮೂರು ಕೆಲಸದ ದಿನ ಕಾಯಬೇಕು. ಅಷ್ಟರಲ್ಲಿ ಎಫ್‌ಬಿಐ ಏನೂ ಹೇಳದಿದ್ದರೆ ಅಂಗಡಿಯವನು ಮಾರಬಹುದು. 2015ರಲ್ಲಿ ಚಾರ್ಲ್ಸ್‌ಟನ್‌ನ ಇಮ್ಯಾನ್ಯುಯೆಲ್ ಚರ್ಚಿನಲ್ಲಿ ಪ್ರಾರ್ಥನೆಗೆ ಕೂತಿದ್ದ 9 ಜನರನ್ನು ಕೊಂದವನ ಕೈಗೆ ಪಿಸ್ತೂಲು ಬಂದದ್ದು ಹೀಗೆ. ಮಾದಕವಸ್ತು ಇಟ್ಟುಕೊಂಡಿದ್ದೆನೆಂದು ಅವನೇ ಪೊಲೀಸರ ಮುಂದೆ ಒಪ್ಪಿದ್ದ. ಆದರೆ ಬಂಧಿಸಿದ ಠಾಣೆ ಯಾವುದೆಂಬುದು ಕಡತದಲ್ಲಿ ತಪ್ಪಾಗಿತ್ತು. ಪರಿಶೀಲಿಸುವವರು ಬೇರೆ ಕಚೇರಿಗಳನ್ನು ಕೇಳುತ್ತಿರುವಾಗಲೇ ಗಡುವು ಮುಗಿಯಿತು.

ಇಲ್ಲಿನ ವಾದವಿವಾದವನ್ನು ಟಿವಿಯಲ್ಲಿ ನೋಡಿದರೆ ಗನ್ ಬೇಕು ಎನ್ನುವವರು ಒಂದು ಕಡೆ, ಬೇಡ ಎನ್ನುವವರು ಇನ್ನೊಂದು ಕಡೆ ಕಾಣುತ್ತಾರೆ. ಆದರೆ ಸೋಲು ನಡೆಯುವುದು ಗುಮಾಸ್ತರ ಮೇಜಿನಲ್ಲಿ. ತಪಾಸಣೆ ಅಂದರೆ ಯಾರೋ ಮೊದಲೇ ಬರೆದಿಟ್ಟದ್ದನ್ನು ಓದುವುದು. ಬರೆಯದೇ ಇದ್ದರೆ ಓದುವುದಕ್ಕೇನೂ ಇರುವುದಿಲ್ಲ. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಒಬ್ಬನ ಗುಂಡಿಗೆ 32 ಜನ ಸತ್ತರು. ಭಾರತದಿಂದ ಬಂದ ಪ್ರಾಧ್ಯಾಪಕರೊಬ್ಬರೂ ವಿದ್ಯಾರ್ಥಿನಿಯೊಬ್ಬಳೂ ಅವರಲ್ಲಿದ್ದರು. ಕೊಂದವನು ತನಗೇ ಅಪಾಯಕಾರಿ ಎಂದು ನ್ಯಾಯಾಧೀಶರು ಬರೆದು ಚಿಕಿತ್ಸೆಗೆ ಆದೇಶಿಸಿದ್ದರು. ಆಸ್ಪತ್ರೆಗೆ ಸೇರಿಸದೆ ಹೊರರೋಗಿಯಾಗಿ ಚಿಕಿತ್ಸೆ ಪಡೆಯಬೇಕೆಂದು ಇದ್ದ ಕಾರಣ ರಾಜ್ಯ ಅದನ್ನು ನಿಕ್ಸ್‌ಗೆ ಕಳಿಸಲಿಲ್ಲ. ಅವನು ಅಂಗಡಿಯಲ್ಲೇ, ತಪಾಸಣೆ ಮುಗಿಸಿಯೇ ಎರಡು ಪಿಸ್ತೂಲು ಕೊಂಡ. 2017ರಲ್ಲಿ ಟೆಕ್ಸಸ್‌ನ ಸದರ್ಲೆಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ ಗುಂಡು ಹಾರಿಸಿದವನಿಗೆ ಹೆಂಡತಿ, ಮಗುವಿನ ಮೇಲೆ ಹಲ್ಲೆ ಮಾಡಿದ್ದಕ್ಕೆ ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಯಾಗಿತ್ತು. ವಾಯುಪಡೆ ಅದನ್ನು ಎಫ್‌ಬಿಐಗೆ ತಿಳಿಸಲಿಲ್ಲ. ಎರಡು ಸಲವೂ ಆಮೇಲೆ ಕಡತ ಸರಿಪಡಿಸುವ ಕಾನೂನು ಬಂತು. ಜನ ಸತ್ತ ಮೇಲೆ.

ನಮ್ಮ ಮೂಲೆಮನೆಯಂಥ ವ್ಯಾಪಾರ ಇದರಿಂದಲೂ ಆಚೆ. ಫೆಡರಲ್ ಕಾನೂನಿನ ಪ್ರಕಾರ ತಪಾಸಣೆಯ ಹೊಣೆ ಪರವಾನಗಿ ಇರುವ ವ್ಯಾಪಾರಿಯದ್ದು ಮಾತ್ರ. ಒಂದೇ ರಾಜ್ಯದ ಇಬ್ಬರು ನಿವಾಸಿಗಳು ತಮ್ಮೊಳಗೆ ಮಾರಿಕೊಂಡರೆ ಫಾರಂ ಇಲ್ಲ, ಫೋನಿಲ್ಲ. 2019ರಲ್ಲಿ ಪಶ್ಚಿಮ ಟೆಕ್ಸಸ್‌ನ ಮಿಡ್‌ಲ್ಯಾಂಡ್-ಒಡೆಸ್ಸಾದಲ್ಲಿ 7 ಜನರನ್ನು ಕೊಂದವನನ್ನು 2014ರಲ್ಲಿ ಅಂಗಡಿಯ ತಪಾಸಣೆ ಸರಿಯಾಗಿಯೇ ಹಿಡಿದು ವಾಪಸು ಕಳಿಸಿತ್ತು. ಎರಡು ವರ್ಷದ ನಂತರ ಅವನು ಖಾಸಗಿ ವ್ಯಕ್ತಿಯೊಬ್ಬನಿಂದ ರೈಫಲ್ ಕೊಂಡ. ಕೌಂಟರಿನಲ್ಲಿ ಗೆದ್ದ ವ್ಯವಸ್ಥೆ ಅಂಗಳದಲ್ಲಿ ಸೋತಿತು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಕೊಲರಾಡೊದಂಥ ಸುಮಾರು 20 ರಾಜ್ಯಗಳು ಈ ಬಾಗಿಲನ್ನು ತಾವೇ ಮುಚ್ಚಿಕೊಂಡಿವೆ. ಟೆಕ್ಸಸ್ ಮುಚ್ಚಿಲ್ಲ.

ಸ್ಯಾಂಡಿಹುಕ್ ಶಾಲೆಯಲ್ಲಿ 20 ಎಳೆಯ ಮಕ್ಕಳು ಗುಂಡಿಗೆ ಸತ್ತ ನಾಲ್ಕೇ ತಿಂಗಳಿಗೆ, 2013ರ ಏಪ್ರಿಲ್ 17ರಂದು, ಗನ್ ಮೇಳಗಳ ಮತ್ತು ಜಾಹೀರಾತು ಕೊಟ್ಟು ಮಾಡುವ ಮಾರಾಟಕ್ಕೆ ತಪಾಸಣೆ ತರುವ ಪ್ರಸ್ತಾವ ಸೆನೆಟ್‌ನಲ್ಲಿ ಮತಕ್ಕೆ ಬಂತು. ಪರವಾಗಿ 54, ವಿರುದ್ಧ 46. ಬೇಕಾಗಿದ್ದದ್ದು 60. ವಿರೋಧಿಗಳ ವಾದವನ್ನು ತಳ್ಳಿಹಾಕುವಂತಿಲ್ಲ: ಯಾರ ಬಳಿ ಯಾವ ಗನ್ ಇದೆ ಎಂಬ ಪಟ್ಟಿ ಇಲ್ಲದೆ ಖಾಸಗಿ ಮಾರಾಟದ ಮೇಲೆ ನಿಗಾ ಇಡುವುದು ಹೇಗೆ? ಪಟ್ಟಿ ಬಂದರೆ ನಾಳೆ ಅದನ್ನೇ ಹಿಡಿದು ಗನ್ ಕಸಿಯಲು ಬರುವುದಿಲ್ಲವೇ? ಇದೇ ಭಯದಿಂದ 1986ರ ಕಾನೂನು ರಾಷ್ಟ್ರೀಯ ಪಟ್ಟಿಯನ್ನು ನಿಷೇಧಿಸಿದೆ. ಒಪ್ಪಿಗೆಯಾದ ತಪಾಸಣೆಯಲ್ಲಿ ಕೊಳ್ಳುವವರ ಗುರುತನ್ನು ನಿಕ್ಸ್ 24 ಗಂಟೆಯೊಳಗೆ ಅಳಿಸಬೇಕು. ಆದರೆ 2013ರ ಪ್ರಸ್ತಾವವೂ ಅಂಥ ಪಟ್ಟಿ ಮಾಡುವುದನ್ನು ಅಪರಾಧವೆಂದೇ ಬರೆದಿತ್ತು. ಭಯಕ್ಕೆ ಉತ್ತರ ಇದ್ದರೂ ಅದು ಸೋತಿತು.

ಊರಿನ ಕಡೆ ನೋಡಿದರೆ ಪ್ರಶ್ನೆಯೇ ತಿರುಗಿ ನಿಲ್ಲುತ್ತದೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಜಿಲ್ಲಾಧಿಕಾರಿ ಕಚೇರಿಗೆ, ಬೆಂಗಳೂರಾದರೆ ಪೊಲೀಸ್ ಕಮಿಷನರಿಗೆ, ಅರ್ಜಿ ಹಾಕುವವನು ಕೋವಿ ಯಾಕೆ ಬೇಕು ಎಂದು ಹೇಳಬೇಕು: ಬೆಳೆ ರಕ್ಷಣೆಗೋ, ಆತ್ಮರಕ್ಷಣೆಗೋ. ಠಾಣೆಯಿಂದ ವರದಿ ಹೋಗಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ. ಇಲ್ಲಿ ಯಾಕೆ ಬೇಕೆಂದು ಫಾರಂ ಕೇಳುವುದೇ ಇಲ್ಲ. ಮನೆಯಲ್ಲಿ ಗನ್ ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಕೊಡಬಾರದು ಎಂಬುದಕ್ಕೆ ಕಾರಣವನ್ನು ಸರ್ಕಾರವೇ ಹುಡುಕಬೇಕು. ಸುಳ್ಯ, ಪುತ್ತೂರು ಕಡೆಯ ತೋಟದ ಮನೆಗಳಲ್ಲಿ ಚುನಾವಣೆ ಬಂತೆಂದರೆ ಜೋಡಿ ನಳಿಕೆಯ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವ ಓಡಾಟ. ಹಂದಿ, ಮಂಗಗಳಿಂದ ಫಸಲು ಹೋಗುವಾಗಲೇ ಇದೇನು ಎಂದು ಬೆಳೆಗಾರರು ಬೇಸರಪಡುವುದು ನ್ಯಾಯವೇ. ಇಲ್ಲಿ ಕೂತು ನೆನೆದರೆ ಆ ರಸೀದಿಯ ಮೇಲೆ ಗೌರವ ಬರುತ್ತದೆ.

ಇಲ್ಲಿನ ಕೆಲವು ಕನ್ನಡಿಗರು ಕೊಡಗನ್ನು ಎತ್ತಿ ತೋರಿಸುತ್ತಾರೆ: ಕೈಲ್‌ಪೋಳ್ದ್‌ಗೆ ಕೋವಿ ಪೂಜೆ ಮಾಡುವ ನಾಡಿನಲ್ಲಿ ಶಾಲೆಗೆ ನುಗ್ಗಿ ಕೊಂದದ್ದುಂಟೆ ಎಂದು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ, 2029ರವರೆಗೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಆ ವಿನಾಯಿತಿಗೂ ಜಿಲ್ಲಾಡಳಿತದ ಪತ್ರ ಬೇಕು. ಅಂಗಳದಲ್ಲಿ ಹುಲ್ಲಿನ ಯಂತ್ರದ ಜೊತೆ ಮಾರುವ ವಸ್ತು ಅದಲ್ಲ. ಹಾಗೆಂದು ಬೀಗುವ ಹಾಗೂ ಇಲ್ಲ. ಧಾರವಾಡದಲ್ಲಿ ಕಲಬುರ್ಗಿಯವರನ್ನೂ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನೂ ಕೊಂದದ್ದು 7.65 ಮಿ.ಮೀ. ನಾಡಪಿಸ್ತೂಲು, ಅದೂ ಒಂದೇ ಪಿಸ್ತೂಲು, ಎಂದು ವಿಧಿವಿಜ್ಞಾನ ವರದಿ ಹೇಳಿತು. ಅಂಥ ಪಿಸ್ತೂಲಿಗೆ ಯಾವ ಜಿಲ್ಲಾಧಿಕಾರಿಯ ಸಹಿಯೂ ಇರುವುದಿಲ್ಲ.

ವೀಸಾದಲ್ಲಿ ಇರುವವರು ಇದನ್ನು ಸರಿಯಾಗಿ ತಿಳಿದಿರಬೇಕು. ಎಚ್-1ಬಿ, ಎಫ್-1, ಎಲ್-1 ಯಾವುದೇ ಇರಲಿ, ಗನ್ ಕೊಳ್ಳುವುದೂ ಇಟ್ಟುಕೊಳ್ಳುವುದೂ ನಿಷಿದ್ಧ. ಮುಖ್ಯ ವಿನಾಯಿತಿ ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಆಫೀಸಿನವರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿದು ಫೋಟೊ ಹಾಕುವವರಿದ್ದಾರೆ. ಅಷ್ಟು ಹೊತ್ತು ಕೈಯಲ್ಲಿ ಹಿಡಿದದ್ದೂ ವಶದಲ್ಲಿಟ್ಟುಕೊಂಡ ಹಾಗೆಯೇ. ಓದು ನಿಂತು ವಿದ್ಯಾರ್ಥಿ ವೀಸಾದ ಮಾನ್ಯತೆ ಕಳೆದುಕೊಂಡ ಯುವಕನೊಬ್ಬ ಫ್ಲೋರಿಡಾದಲ್ಲಿ ರೇಂಜಿಗೆ ಹೋಗಿದ್ದರಿಂದಲೇ ಶುರುವಾದ ಪ್ರಕರಣ 2019ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಗ್ರೀನ್‌ಕಾರ್ಡ್ ಇರುವ ಗೆಳೆಯನಿಂದ ಅವನ ಹೆಸರಲ್ಲಿ ತರಿಸಿಕೊಳ್ಳುವುದು ಇನ್ನೂ ಕೆಟ್ಟದ್ದು. ಇನ್ನೊಬ್ಬರಿಗಾಗಿ ಹೀಗೆ ಕೊಳ್ಳುವುದನ್ನು 2022ರ ಕಾನೂನು ಪ್ರತ್ಯೇಕ ಅಪರಾಧ ಮಾಡಿದೆ. 15 ವರ್ಷದವರೆಗೆ ಶಿಕ್ಷೆ.

ಮಾರುವವರಿಗೂ ದಾರಿ ಇದೆ. ಇಬ್ಬರೂ ಸೇರಿ ಪರವಾನಗಿ ಇರುವ ಅಂಗಡಿಗೆ ಹೋದರೆ ಅಂಗಡಿಯವನು ಸಣ್ಣ ಶುಲ್ಕ ಪಡೆದು 4473 ತುಂಬಿಸಿ ತಪಾಸಣೆ ಮಾಡಿಕೊಡುತ್ತಾನೆ. ಎಲ್ಲ ರಾಜ್ಯಗಳಲ್ಲೂ ಇದು ಕಡ್ಡಾಯವಾಗಬೇಕು, ಜೊತೆಗೆ ಕೋರ್ಟು, ಸೇನೆ, ಆಸ್ಪತ್ರೆಗಳ ದಾಖಲೆ ತಪ್ಪದೆ ನಿಕ್ಸ್ ತಲುಪಬೇಕು. ಒಂದು ಬಿಟ್ಟು ಇನ್ನೊಂದು ಮಾಡಿದರೆ ಪ್ರಯೋಜನವಿಲ್ಲ.

ತಪಾಸಣೆ ತಲುಪಲಾಗದ ಜಾಗವೂ ದೊಡ್ಡದಿದೆ. 2021ರಲ್ಲಿ ಈ ದೇಶದಲ್ಲಿ ಗುಂಡಿನಿಂದ ಸತ್ತವರು 48,830. ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. 2020ರಿಂದೀಚೆಗೆ 1ರಿಂದ 19 ವಯಸ್ಸಿನವರ ಸಾವಿಗೆ ಮೊದಲ ಕಾರಣವೂ ಗುಂಡೇ. ಹಲವು ಸಲ ಅದು ಎಂದೋ ಕಾನೂನುಬದ್ಧವಾಗಿ ಕೊಂಡು, ಮಂಚದ ಪಕ್ಕದ ಡ್ರಾಯರಿನಲ್ಲಿ ಬೀಗವಿಲ್ಲದೆ ಇಟ್ಟ ಪಿಸ್ತೂಲು. ಹಾಗಾಗಿ ಮಗು ಗೆಳೆಯರ ಮನೆಗೆ ಆಡಲು ಹೋಗುವ ಮುಂಚೆ ಕೇಳಿಬಿಡಿ: ಮನೆಯಲ್ಲಿ ಗನ್ ಇದೆಯಾ, ತೋಟಾ ತೆಗೆದು ಬೀಗ ಹಾಕಿದ್ದೀರಾ, ತೋಟಾಗಳು ಬೇರೆ ಕಡೆ ಬೀಗದಲ್ಲಿವೆಯಾ? ಇಲ್ಲಿನ ಮಕ್ಕಳ ವೈದ್ಯರೇ ಕೇಳಿ ಎನ್ನುತ್ತಾರೆ. ಗನ್ ಇಟ್ಟುಕೊಂಡಿರುವ ಜವಾಬ್ದಾರಿಯುತ ತಂದೆತಾಯಿ ಇದಕ್ಕೆ ಸಿಟ್ಟಾಗುವುದಿಲ್ಲ. ಸಂಕೋಚವಾದರೆ ನಾಯಿ ಇದೆಯಾ, ಕಡಲೆಕಾಯಿ ತಿನ್ನಿಸಬೇಡಿ ಎಂಬ ಮಾತುಗಳ ಜೊತೆಗೇ ಸೇರಿಸಿ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಮಕ್ಕಳು ನಿಮ್ಮ ಮನೆಯಲ್ಲೇ ಆಡಲಿ.