ಅಜ್ಜಿಯ ಕಪ್ಪು ಕೂದಲು

ಇವತ್ತು ಬಚ್ಚಲುಮನೆಯೇ ನನ್ನ ಡಾರ್ಕ್‌ರೂಮ್, ಫೋಟೋ ಪ್ರಿಂಟ್ ಮಾಡುವ ಕತ್ತಲೆ ಕೋಣೆ. ಕಿಟಕಿಗೆ ಕಪ್ಪು ಕಂಬಳಿ, ಮೂಲೆಯಲ್ಲಿ ಕೆಂಪು ಬಲ್ಬು. ಮನೆಯವರಿಗೆಲ್ಲ ಎರಡು ಗಂಟೆ ಸ್ನಾನ ಬಂದ್.

ಅಜ್ಜಿಯ ಹಳೇ ನೆಗೆಟಿವ್ ಒಂದು ಸಿಕ್ಕಿತ್ತು. ಅದರಲ್ಲಿ ಅವಳ ತಲೆಕೂದಲು ಕಪ್ಪೋ ಕಪ್ಪು! ನೆಗೆಟಿವ್‌ನಲ್ಲಿ ಬಿಳಿಯೆಲ್ಲ ಕಪ್ಪಾಗಿ ಕಾಣುತ್ತದೆ, ಗೊತ್ತು. ಆದರೂ ಒಂದು ಗಳಿಗೆ ಹರೆಯದ ಅಜ್ಜಿಯನ್ನೇ ನೋಡಿದ ಹಾಗಾಯಿತು.

ಫೋಟೋ ಪೇಪರಿನ ತುಂಡೊಂದಕ್ಕೆ ನೆಗೆಟಿವ್ ಮೂಲಕ 5, 10, 15 ಸೆಕೆಂಡ್ ಬೆಳಕು ಬಿಟ್ಟು ನೋಡಿದೆ. 10 ಸಾಕು ಅನ್ನಿಸಿತು. ಪೂರ್ತಿ ಪೇಪರಿಗೆ ಅಷ್ಟೇ ಬೆಳಕು ಕೊಟ್ಟು, ಚಿತ್ರ ಮೂಡಿಸುವ ಡೆವಲಪರ್ ದ್ರಾವಣದ ಟ್ರೇಗೆ ಹಾಕಿ ಮೆಲ್ಲಗೆ ಅಲುಗಿಸುತ್ತಾ ನಿಂತೆ. ಮೊದಲು ಏನೂ ಇಲ್ಲ. ಆಮೇಲೆ ಸೀರೆಯ ಅಂಚು. ಆಮೇಲೆ ಕಣ್ಣು. ಕೂದಲು ಮಾತ್ರ ಬರಲೇ ಇಲ್ಲ, ಬರೀ ಬಿಳಿ ಪೇಪರ್.

ಎರಡನೇ ಪ್ರಿಂಟಿಗೆ ಉಳಿದದ್ದನ್ನೆಲ್ಲ ಅಂಗೈಯಲ್ಲಿ ಮರೆ ಮಾಡಿ, ಕೂದಲಿಗಷ್ಟೇ ಇನ್ನೂ 5 ಸೆಕೆಂಡ್ ಬೆಳಕು ಕೊಟ್ಟೆ. ಎಳೆ ಎಳೆಯಾಗಿ ಬಂತು ನೋಡಿ! ಅವಳ ತಲೆಯನ್ನು ಇಷ್ಟು ಹೊತ್ತು ನಾನು ಯಾವತ್ತೂ ನೋಡಿರಲಿಲ್ಲ. ಎಣ್ಣೆ ಹಚ್ಚು ಅಂತ ಕರೆದಾಗಲೆಲ್ಲ ತಪ್ಪಿಸಿಕೊಂಡು ಓಡುತ್ತಿದ್ದೆ, ಅಲ್ವಾ.

ನೆಗೆಟಿವ್ ಮೇಲಿದ್ದ ಧೂಳಿನ ಚುಕ್ಕೆಯೂ ಬಂದಿದೆ, ಬೆಳ್ಳಗೆ, ಕುಂಕುಮದ ಪಕ್ಕದಲ್ಲೇ. ಇರಲಿ ಬಿಡಿ.

ಈಗ ಅಜ್ಜಿ ಬಟ್ಟೆ ಹಗ್ಗದಲ್ಲಿ ಒಣಗುತ್ತಿದ್ದಾಳೆ, ಅಪ್ಪನ ಟವೆಲ್ ಪಕ್ಕ.